ಇಕ್ಕೇರಿಯ ಮೆಣಸು, ರೋಮಿನ ಕಣ್ಣು

ಹೊನ್ನೆಮರಡುವಿನ ದಡದಲ್ಲಿ ನಿಂತರೆ ಕಣ್ಣು ಹಾಯುವಷ್ಟೂ ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಎಷ್ಟೋ ಊರು, ತೋಟಗಳು ಈ ನೀರಿನಡಿ ಸೇರಿದವು. ಈ ಸೀಮೆಯ ಕಾಳುಮೆಣಸಿಗಾಗಿ ನಾಲ್ಕು ಶತಮಾನಗಳ ಹಿಂದೆ ಪೋರ್ಚುಗೀಸ್ ರಾಯಭಾರಿಯೊಬ್ಬ ಇದೇ ನದಿಯಲ್ಲಿ, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಘಟ್ಟ ಹತ್ತಿ ಇಕ್ಕೇರಿ ಸೇರಿದ್ದ. ಅವನ ಜೊತೆಗಿದ್ದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ನೇಪಲ್ಸಿನ ಗೆಳೆಯನಿಗೆ ಬರೆದ ಕಾಗದಗಳಲ್ಲಿ ಆ ಕಥೆ ಉಳಿದಿದೆ.

ಅದು 1623ರ ಮಾತು. ರಾಯಭಾರಿ ಜೊವಾವೊ ಫೆರ್ನಾಂಡಿಸ್ ಲೈತಾವೊ. ಗೋವಾಕ್ಕೆ ಹೋಗಿದ್ದ ವೆಂಕಟಪ್ಪ ನಾಯಕನ ರಾಯಭಾರಿ ವಿಠಲ ಶೆಣೈಯೂ ಅವನೊಡನೆ ಮರಳುತ್ತಿದ್ದ. ಎರಡು ಕಡೆಗೂ ಮುನಿಸಿತ್ತು. ನಾಯಕ ಮಂಗಳೂರಿನ ಬಂಗರಸನ ರಾಜ್ಯವನ್ನು ಕಿತ್ತುಕೊಂಡಿದ್ದ. ಬಂಗರಸನ ಬೆನ್ನಿಗೆ ನಿಂತ ಪೋರ್ಚುಗೀಸರು ಪೆಟ್ಟು ತಿಂದಿದ್ದರು. ಆದರೆ ಅವರಿಗೆ ಬೇಕಾದ ಮೆಣಸು ನಾಯಕನ ನಾಡಿನದು. ಗೋವಾದವರು ಉಣ್ಣುವ ಅಕ್ಕಿಯೂ ಬಹುಪಾಲು ಈ ಕರಾವಳಿಯದೇ. 1622ರಲ್ಲಷ್ಟೇ ಹೊರ್ಮುಜ್ ಅವರ ಕೈತಪ್ಪಿತ್ತು. ಕತ್ತಿ ಹಿರಿಯಲು ಬಲವಿಲ್ಲದಾಗ ತಕ್ಕಡಿ ಮುಂದೆ ಬರುತ್ತದೆ. ಉರ್ದುವಿನಲ್ಲಿ ‘ಸೌದಾ’ ಎಂದರೆ ವ್ಯಾಪಾರವೂ ಹೌದು, ಹುಚ್ಚೂ ಹೌದು. ಈ ರಾಯಭಾರದಲ್ಲಿ ಎರಡೂ ಇದ್ದವು.

ಬರಹಗಾರನಾಗಿ ದೆಲ್ಲಾ ವಾಲ್ಲೆ ಸಾಮಾನ್ಯನಲ್ಲ. ಗುಡಿಯ ಜಗಲಿಯಲ್ಲಿ ಮರಳಿನ ಮೇಲೆ ಬರೆದು, ರಾಗವಾಗಿ ಹೇಳಿ ಲೆಕ್ಕ ಕಲಿಯುವ ಹುಡುಗರನ್ನು ಅವನು ನೋಡುತ್ತಾನೆ. ಸಗಣಿ ಸಾರಿಸಿದ ನೆಲವನ್ನು ಮೆಚ್ಚುತ್ತಾನೆ. ಸಹಗಮನಕ್ಕೆ ಹೊರಟ ವಿಧವೆಯೊಬ್ಬಳ ಮನೆಗೆ ಹೋಗಿ, ಬೇಡವೆಂದು ಹೇಳಿ ನೋಡುತ್ತಾನೆ. ಅಲ್ಲಿ ಅವನು ಮನುಷ್ಯರ ಜೊತೆ ಮಾತನಾಡುತ್ತಾನೆ.

ಅರಮನೆಗೆ ಬಂದೊಡನೆ ಅವನ ಕಣ್ಣು ಕಿರಿದಾಗುತ್ತದೆ. ಯಾರು ಎಲ್ಲಿ ಕುಳಿತರು, ಯಾರಿಗೆ ಎಷ್ಟು ಗೌರವ ಸಂದಿತು, ನಾಯಕನನ್ನು ನಿಜವಾದ ಅರಸನೆನ್ನಬಹುದೇ ಎಂಬುದರಲ್ಲೇ ಅವನ ಆಸಕ್ತಿ. ಮೆಣಸಿನ ವ್ಯವಹಾರದ ಪ್ರಸ್ತಾಪವೇನೋ ಇದೆ. ಅದನ್ನು ಬಳ್ಳಿಯಿಂದ ಕೊಯ್ದವರ, ಘಟ್ಟದಿಂದ ಹೊತ್ತು ಇಳಿಸಿದವರ ದನಿ ಕೇಳುವುದಿಲ್ಲ. ಎರಡೂ ಕಡೆಯ ಗುಟ್ಟು ಬಲ್ಲ ವಿಠಲ ಶೆಣೈ ಒಳ್ಳೆಯ ಕಥೆಯ ನಾಯಕನಾಗಬಲ್ಲವನು. ಇಲ್ಲಿ ಅವನು ಜೊತೆಗೆ ಬಂದವನಾಗಿಯೇ ಉಳಿದುಬಿಡುತ್ತಾನೆ.

ಈ ಕೊರತೆ ರೋಮಿನವನದು ಮಾತ್ರವಲ್ಲ. ನಮ್ಮ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೂ ಹೆಸರೇ ಹೇಳುವಂತೆ ಅರಸರ ಗೆಲುವಿನ ಕಾವ್ಯ. ನಾವೂ ದೆಲ್ಲಾ ವಾಲ್ಲೆಯನ್ನು ಇಕ್ಕೇರಿಯ ವೈಭವಕ್ಕೆ ಸಾಕ್ಷಿಯಾಗಿ ಕರೆಯುತ್ತೇವೆಯೇ ಹೊರತು ಅವನ ಮೌನವನ್ನು ಪ್ರಶ್ನಿಸುವುದಿಲ್ಲ.

ಪ್ರಶ್ನಿಸಬೇಕಾದ ಕಾರಣವಿದೆ. ಆ ಸಂಧಾನ ಯುದ್ಧವನ್ನು ಮುಂದೂಡಿತು, ನಿಲ್ಲಿಸಲಿಲ್ಲ. 1654ರ ಹೊತ್ತಿಗೆ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಹಾಕಿದ. ಮುಂದೆ ಮತ್ತೆ ಒಪ್ಪಂದಗಳಾದವು, ಪೋರ್ಚುಗೀಸರು ಮರಳಿದರು. ಅವರು ಅರಬರ ವ್ಯಾಪಾರಕ್ಕೆ ತಡೆಯೊಡ್ಡಿದ್ದಕ್ಕೆ ಸೇಡಾಗಿ 1695ರಲ್ಲಿ ಅರಬರು ಮಂಗಳೂರಿಗೆ ಬೆಂಕಿಯಿಟ್ಟರು. ಒಪ್ಪಂದದ ಮಾತುಕತೆಯಲ್ಲಿ ಕೂತವರು ಒಬ್ಬರು, ಮನೆ ಸುಟ್ಟುಕೊಂಡವರು ಇನ್ನೊಬ್ಬರು.

ಇಂದೂ ಎರಡು ದೇಶಗಳು ಸುಂಕದ ಜಗಳ ಆಡುವಾಗ ಪತ್ರಿಕೆಗಳು ನಾಯಕರ ಕೈಕುಲುಕಾಟದ ಚಿತ್ರವನ್ನೇ ಅಚ್ಚು ಹಾಕುತ್ತವೆ. ಆದ್ದರಿಂದ ದೆಲ್ಲಾ ವಾಲ್ಲೆಯನ್ನು ಓದಿ, ತಪ್ಪದೆ ಓದಿ. ಆದರೆ ಅರಮನೆಯ ಪುಟಗಳಲ್ಲಿ ನಿಲ್ಲದೆ, ಮರಳಿನ ಮೇಲೆ ಲೆಕ್ಕ ಬರೆಯುತ್ತಿದ್ದ ಆ ಹುಡುಗರ ಬಳಿಗೆ ಮರಳಿ ಬನ್ನಿ. ಮೆಣಸಿನ ನಿಜವಾದ ಲೆಕ್ಕವನ್ನು ನಾವು ಕೇಳಬೇಕಾದದ್ದು ಅಂಥವರ ಮನೆಗಳಲ್ಲಿ.