ಪ್ರಸ್ತಾವನೆಗೆ ಯಾಕಿಷ್ಟು ಮರ್ಯಾದೆ?

ದರಪಟ್ಟಿ ಕರೆಯುವುದು ಗುಮಾಸ್ತರ ಕೆಲಸ, ಪ್ರಸ್ತಾವನೆ ಕರೆಯುವುದು ತಿಳಿದವರ ಕೆಲಸ. ಆಡಳಿತ ಸುಧಾರಣೆಯ ಬಗ್ಗೆ ಬರೆಯುವವರಲ್ಲಿ ಈ ನಂಬಿಕೆ ಗಟ್ಟಿಯಾಗಿ ಕೂತಿದೆ. ಕುರ್ಚಿ, ಕಾಗದ, ಟೋನರ್ ಬೇಕಾದರೆ ಮೂರು ಕೊಟೇಶನ್ ಸಾಕು. ಸಾಫ್ಟ್‌ವೇರ್, ವಿವರವಾದ ಯೋಜನಾ ವರದಿ (ಡಿಪಿಆರ್) ಅಂದಕೂಡಲೇ ಆರ್‌ಎಫ್‌ಪಿ, ಅಂದರೆ ಪ್ರಸ್ತಾವನೆಗೆ ಕರೆ. ಬೇಕಾದ್ದೇನೆಂದು ಗೊತ್ತಿದ್ದರೆ ಬೆಲೆ ಕೇಳಿ, ಗೊತ್ತಿಲ್ಲದಿದ್ದರೆ ಪರಿಹಾರ ಕೇಳಿ ಎಂಬ ಸೂತ್ರವನ್ನು ತರಬೇತಿ ಶಿಬಿರಗಳಲ್ಲಿ ಮಗ್ಗಿಯಂತೆ ಒಪ್ಪಿಸುತ್ತಾರೆ. ನನ್ನ ತಕರಾರು ಇಷ್ಟೇ: ಗೊತ್ತಿಲ್ಲದಿರುವುದಕ್ಕೆ ಇಲ್ಲಿ ಸಿಗುತ್ತಿರುವ ಗೌರವ ಅತಿಯಾಯಿತು.

ಕಾನೂನಿನ ಕಣ್ಣಿಗೆ ದರ ಹೇಳುವುದು ಹಗುರವಾದ ಮಾತೇ, ನಿಜ. ಮಡಿಕೇರಿಯ ಬಂಗಲೆಯೊಂದರ ವ್ಯಾಜ್ಯದಲ್ಲಿ (ಮ್ಯಾಕ್‌ಫರ್ಸನ್ ವಿರುದ್ಧ ಅಪ್ಪಣ್ಣ, 1951) 10,000 ರೂಪಾಯಿಗೆ ಕಡಿಮೆಯಾದರೆ ಒಪ್ಪುವುದಿಲ್ಲವೆಂದು ಮಾಲೀಕ ಕಳಿಸಿದ ತಂತಿಯನ್ನು ಸುಪ್ರೀಂ ಕೋರ್ಟ್ ಮಾರಾಟದ ಪ್ರಸ್ತಾವವೆಂದು ಎಣಿಸಲಿಲ್ಲ. ಅಮೆರಿಕದ ಸರ್ಕಾರಿ ಖರೀದಿ ನಿಯಮಗಳಲ್ಲೂ ಕೊಟೇಶನ್ ಕೊಟ್ಟವನು ಅದರಿಂದಲೇ ಕಟ್ಟುಬೀಳುವುದಿಲ್ಲ. ಸರ್ಕಾರ ಆರ್ಡರ್ ಕೊಟ್ಟು, ಅವನು ಅದನ್ನು ಒಪ್ಪಿದರೆ ಮಾತ್ರ ಕರಾರು. ಆದರೆ ಇದೇ ಕೊಟೇಶನ್ನಿಗೆ ಇನ್ನೊಂದು ಗುಣವಿದೆ. ಏನು ಬೇಕೆಂದು ಕೇಳುವವನೇ ಮೊದಲು ಬರೆಯಬೇಕು. ಪ್ರಸ್ತಾವನೆಯಲ್ಲಿ ಆ ಹೊಣೆ ಮಾರುವವನ ಮೇಜಿಗೆ ದಾಟುತ್ತದೆ. ಅವನು ಬರೆದದ್ದಕ್ಕೆ ನಾವು ಅಂಕ ಹಾಕುತ್ತೇವೆ. ಆ ಅಂಕಪಟ್ಟಿಯನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗುವ ಪದ್ಧತಿ ವಿಶ್ವಬ್ಯಾಂಕಿನ ಸಾಲದ ಯೋಜನೆಗಳಲ್ಲೂ ಕೇಂದ್ರದ ಖರೀದಿ ಕೈಪಿಡಿಗಳಲ್ಲೂ ಇದೆ. ಕನ್ಸಲ್ಟೆಂಟ್ ಆಯ್ಕೆಯಲ್ಲಿ ತಾಂತ್ರಿಕ ಅಂಕಕ್ಕೆ 70, ದರಕ್ಕೆ 30 ಎಂಬ ಪಾಲು ಸಾಮಾನ್ಯ. ಅತಿ ಕಡಿಮೆ ದರ ನಮೂದಿಸಿದವರಿಗೆ ದರದಲ್ಲಿ ಪೂರಾ 100. ಉಳಿದವರಿಗೆ, ಆ ಕನಿಷ್ಠ ದರವನ್ನು ಅವರವರ ದರದಿಂದ ಭಾಗಿಸಿ ನೂರರಿಂದ ಗುಣಿಸಿದಷ್ಟು. ನೋಡಲು ನಿರುಪದ್ರವಿ.

ಎರಡು ಕಂಪನಿಗಳಿವೆ ಎನ್ನಿ. ‘ಅ’ಗೆ ತಾಂತ್ರಿಕ ಅಂಕ 90, ದರ 100 ಲಕ್ಷ. ‘ಬ’ಗೆ 82, ದರ 80 ಲಕ್ಷ. ‘ಅ’ಗೆ 63 ಮತ್ತು 24, ಒಟ್ಟು 87. ‘ಬ’ಗೆ 57.4 ಮತ್ತು 30, ಒಟ್ಟು 87.4. ‘ಬ’ ಗೆದ್ದಿತು. ಮೌಲ್ಯಮಾಪನ ಸಮಿತಿಯ ಒಬ್ಬ ಸದಸ್ಯ ಪ್ರಸೆಂಟೇಶನ್ ನೋಡಿ ತೃಪ್ತನಾಗಿ ಕೊಡುವ ಒಂದು ತಾಂತ್ರಿಕ ಅಂಕದ ಬೆಲೆ ಇಲ್ಲಿ 0.7, ಗೆಲುವಿನ ಅಂತರ 0.4. ಅದೂ ಇರಲಿ. ಈಗ 60 ಲಕ್ಷದ ದರ ಹಿಡಿದು ‘ಕ’ ಬರುತ್ತದೆ. ತಾಂತ್ರಿಕ ಅಂಕ 70, ಅರ್ಹತೆಯ ಬಾಗಿಲು ದಾಟಲು ಬೇಕಾದಷ್ಟು ಮಾತ್ರ. ಅದರ ಒಟ್ಟು 79. ಕನಿಷ್ಠ ದರ 60ಕ್ಕೆ ಇಳಿದ ಕಾರಣ ‘ಅ’ಯ ಒಟ್ಟು 81, ‘ಬ’ಯದು 79.9. ಕೊನೆಯ ಸ್ಥಾನದಲ್ಲಿ ಸೋತ ‘ಕ’, ‘ಅ’ಯನ್ನು ಗೆಲ್ಲಿಸಿ ಹೋಗಿದೆ. ‘ಅ’ ಮತ್ತು ‘ಬ’ಗಳ ಪ್ರಸ್ತಾವನೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಅವುಗಳ ದರವೂ ಹಾಗೇ ಇದೆ. ಸರ್ಕಾರ ಮಾತ್ರ 20 ಲಕ್ಷ ಹೆಚ್ಚು ತೆರುತ್ತದೆ.

‘ಕ’ ಯಾರ ಸ್ನೇಹಿತನೆಂದು ಯಾವ ತನಿಖಾಧಿಕಾರಿ ಪತ್ತೆಹಚ್ಚುತ್ತಾನೆ? ಅದು ನಿಯಮದ ಪ್ರಕಾರ ಬಂದಿತು, ನಿಯಮದ ಪ್ರಕಾರ ಸೋತಿತು. ಮೂರು ಕೊಟೇಶನ್ನನ್ನೂ ಒಬ್ಬನೇ ಅಂಗಡಿಯವನು ಮೂರು ಲೆಟರ್‌ಹೆಡ್ಡಿನಲ್ಲಿ ತಂದುಕೊಡುತ್ತಾನೆಂಬುದು ಕಚೇರಿ ಕಂಡವರಿಗೆಲ್ಲ ಗೊತ್ತು, ನಾನೂ ಒಪ್ಪುತ್ತೇನೆ. ಆದರೆ ಆ ಕಳ್ಳತನ ಬಡಪಾಯಿಯದು: ಮೂರು ಕಾಗದದಲ್ಲೂ ಒಂದೇ ಕಾಗುಣಿತ ತಪ್ಪು ಇರುತ್ತದೆ, ಆಡಿಟ್‌ನವರು ಸುತ್ತು ಹಾಕುತ್ತಾರೆ.

ಅತಿ ಕಡಿಮೆ ದರದವರಿಗೇ ಕೆಲಸ ಎಂಬ ಎಲ್-1 ಪದ್ಧತಿಯ ವಿರೋಧಿಗಳಿಗೆ ಈ ಮಾತು ಹಿಡಿಸುವುದಿಲ್ಲ. ಗುಂಡಿಬಿದ್ದ ರಸ್ತೆ, ಸೋರುವ ಶಾಲೆ, ಕೆಟ್ಟುನಿಂತ ಸರ್ವರ್ ಎಲ್ಲಕ್ಕೂ ಅವರು ಕಾಣುವ ಕಾರಣ ಒಂದೇ, ಕನಿಷ್ಠ ದರ. 2021ರ ಅಕ್ಟೋಬರಿನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಕಾಮಗಾರಿಗಳಿಗೂ ಈ ತೂಗುವ ಪದ್ಧತಿಯನ್ನು, ಗುಣಮಟ್ಟದ ಪಾಲು 30ನ್ನು ಮೀರದಂತೆ, ಅನುಮತಿಸಿದಾಗ ಇವರು ಅದನ್ನು ವಿಮೋಚನೆಯೆಂದು ಸ್ವಾಗತಿಸಿದರು. ಆದರೆ ಡಾಂಬರಿನ ದಪ್ಪವನ್ನು ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಸುಳ್ಳು ಬರೆದರೆ ರಸ್ತೆ ಕಿತ್ತುಹೋಗುತ್ತದೆ. ಗುತ್ತಿಗೆದಾರನನ್ನು ಯಾವ ಸೂತ್ರದಿಂದ ಆರಿಸಿದ್ದೀರಿ ಎಂದು ಮಳೆ ಕೇಳುವುದಿಲ್ಲ. ದರಕ್ಕೆ ಸೋತವರನ್ನು ಕಂಡು ಮರುಗುವ ಈ ಲೇಖಕರು ಸೋತವನಿಂದ ಗೆಲುವು ಕೈಬದಲಾಗುವ ಈ ಲೆಕ್ಕವನ್ನು ಮುಟ್ಟುವುದಿಲ್ಲ. ಭಾಗಾಕಾರ ಕಷ್ಟವಾಯಿತೋ, ಬೇಡವಾಯಿತೋ.

ಪ್ರಸ್ತಾವನೆಯೇ ಬೇಕೆಂದರೆ ವಿಶ್ವಬ್ಯಾಂಕಿನ ನಿಯಮಗಳಲ್ಲೇ ಇನ್ನೊಂದು ದಾರಿಯಿದೆ, ನಿಗದಿತ ಬಜೆಟ್ಟಿನ ಆಯ್ಕೆ. ನಮ್ಮಲ್ಲಿರುವುದು ಇಷ್ಟು ಹಣ ಎಂದು ಮೊದಲೇ ಸಾರಿ, ಅದರೊಳಗೆ ಬಂದವರಲ್ಲಿ ಒಳ್ಳೆಯ ಪ್ರಸ್ತಾವನೆಯನ್ನು ಆರಿಸುವುದು. ಆಗ ದರಕ್ಕೆ ಅಂಕವಿಲ್ಲ, ‘ಕ’ಗೂ ಕೆಲಸವಿಲ್ಲ. ಒಂದೇ ಅಡಚಣೆಯೆಂದರೆ, ಹಣ ಸಾರುವ ಮೊದಲು ಇಲಾಖೆಯೇ ಕೂತು ಕೆಲಸದ ವ್ಯಾಪ್ತಿಯನ್ನು ಸಾಲು ಸಾಲಾಗಿ ಬರೆಯಬೇಕು. ಈಚೆಗೆ ಅದನ್ನು ಬರೆದುಕೊಡುವುದಕ್ಕೂ ಕನ್ಸಲ್ಟೆಂಟರಿಂದ ಪ್ರಸ್ತಾವನೆ ಕರೆಯುತ್ತಾರೆ.