ವಿಸೂಚಿಕೆಯ ಎರಡು ಶ್ಲೋಕಗಳು: ಕಂಠಪಾಠದ ಗುಣದೋಷವಿಚಾರ

ಮಾಧವಕರನ ‘ರೋಗವಿನಿಶ್ಚಯ’ವು ವೈದ್ಯವಿದ್ಯಾರ್ಥಿಗಳಿಗೆ ಬಹುಕಾಲದಿಂದ ಕಂಠಪಾಠಗ್ರಂಥವಾಗಿರುವುದು ವಾಚಕರಿಗೆ ವಿದಿತವೇ. ‘ಮಾಧವನಿದಾನ’ವೆಂದು ಪ್ರಸಿದ್ಧವಾದ ಈ ಕೃತಿಯು ಪೂರ್ವಸಂಹಿತೆಗಳಲ್ಲಿ ಚದುರಿದ್ದ ರೋಗಲಕ್ಷಣಗಳನ್ನು ಒಂದೆಡೆ ಕೂಡಿಸಿತು. ಆಶುಕಾರಿಯಾದ ರೋಗದಲ್ಲಿ ಪುಸ್ತಕವನ್ನು ಬಿಚ್ಚಲು ಅವಕಾಶವಿಲ್ಲ. ನಾಲಗೆಯ ಮೇಲಿರುವುದೇ ಶಾಸ್ತ್ರ. ಆದಕಾರಣ ಇಂತಹ ಶ್ಲೋಕವು ಸುಲಭವಾಗಿ ನೆನಪಿಗೆ ಬರುವುದೇ ಎಂಬುದರೊಡನೆ, ನೆನಪಿಗೆ ಬಂದು ವೈದ್ಯನಿಂದ ಏನನ್ನು ಮಾಡಿಸುವುದೆಂಬುದನ್ನೂ ವಿಚಾರಿಸತಕ್ಕದ್ದು. ಸುಶ್ರುತಸಂಹಿತೆಯ ಉತ್ತರತಂತ್ರದಿಂದ ಮಾಧವನು ಎತ್ತಿಕೊಂಡ, ವಾಂತಿಭೇದಿಯನ್ನು ಕುರಿತ ಎರಡು ಶ್ಲೋಕಗಳನ್ನು ಈ ದೃಷ್ಟಿಯಿಂದ ನೋಡೋಣ.

ಮೊದಲನೆಯದು ಲಕ್ಷಣಶ್ಲೋಕ. ನಾಲ್ಕು ಪಾದಗಳಲ್ಲಿ 13 ಲಕ್ಷಣಗಳು ಅಡಕವಾಗಿವೆ. ಒಮ್ಮೆ ಬಾಯಿಗೆ ಬಂದರೆ ಒಂದೂ ತಪ್ಪುವುದಿಲ್ಲ. ಆದರೆ ರೋಗವು ಬಲಿತ ಮೇಲೆ ತೋರುವ ಮೂರ್ಛೆಯು ಇಲ್ಲಿ ಅತಿಸಾರ, ವಾಂತಿ, ಬಾಯಾರಿಕೆಗಳಿಗಿಂತ ಮುಂದೆ ನಿಂತಿದೆ. ಆಕಳಿಕೆಯೂ ದಾಹವೂ ಒಂದೇ ಸಮಾಸದಲ್ಲಿ ಕುಳಿತಿವೆ. ಛಂದಸ್ಸು ಎಲ್ಲಕ್ಕೂ ಸಮಾನವಾದ ಮರ್ಯಾದೆಯನ್ನು ಕೊಟ್ಟಿತು. ಯಾವುದು ಮೊದಲು, ಯಾವುದು ಮಾರಕ ಎಂಬ ತಾರತಮ್ಯವು ಗುರುವಿನ ವ್ಯಾಖ್ಯಾನಕ್ಕೆ ಉಳಿಯಿತು. ಇದು ಅಲ್ಪದೋಷ.

ಎರಡನೆಯದು ಅಸಾಧ್ಯಲಕ್ಷಣಶ್ಲೋಕ, ಇಂದ್ರವಜ್ರಾವೃತ್ತದ 44 ಅಕ್ಷರಗಳು. ಕಪ್ಪಿಟ್ಟ ಹಲ್ಲು ತುಟಿ ಉಗುರು, ಕುಂದಿದ ಎಚ್ಚರ, ವಾಂತಿಯ ಬಾಧೆ, ಒಳಸೇರಿದ ಕಣ್ಣು, ಕ್ಷೀಣಿಸಿದ ದನಿ, ಸಡಿಲಿದ ಸಂಧಿಗಳು. ಕಣ್ಣಾರೆ ಕಂಡವನಲ್ಲದೆ ಇತರನು ಹೀಗೆ ಬರೆಯಲಾರನು. ನಾಲ್ಕನೆಯ ಪಾದವು ಮಾತ್ರ ಆ ರೋಗಿಯು ಮರಳಿ ಬಾರದ ಹಾದಿಯನ್ನು ಹಿಡಿದನೆಂದು ಮುಗಿಯುವುದು. ಇಂದಿನ ವೈದ್ಯರು ಒಳಸೇರಿದ ಕಣ್ಣನ್ನೂ ಕುಂದಿದ ಎಚ್ಚರವನ್ನೂ ದೇಹದ ನೀರು ಬತ್ತಿದ ಗುರುತೆಂದು ತಿಳಿದು, ತತ್‌ಕ್ಷಣವೇ ರಕ್ತನಾಳದ ಮೂಲಕ ಲವಣಜಲವನ್ನು ಕೊಡಲು ತೊಡಗುತ್ತಾರೆ. ದೇಹತೂಕದ ಕಿಲೋಗ್ರಾಮಿಗೆ 100 ಮಿಲಿಲೀಟರಿನಂತೆ, ಪ್ರೌಢರಿಗೆ 3 ಗಂಟೆಗಳಲ್ಲಿ, ಅದರಲ್ಲಿ 30 ಮಿಲಿಲೀಟರು ಮೊದಲ ಅರ್ಧಗಂಟೆಯಲ್ಲಿಯೇ. ಹೀಗೆ ಸಕಾಲದಲ್ಲಿ ಚಿಕಿತ್ಸೆ ದೊರೆತ ಕಾಲರಾ ರೋಗಿಗಳಲ್ಲಿ ಸಾಯುವವರು ನೂರಕ್ಕೆ ಒಬ್ಬರಿಗಿಂತಲೂ ಕಡಮೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬೀಸರು ಉಪ್ಪು ಸಕ್ಕರೆ ಬೆರೆತ ನೀರನ್ನು ಕುಡಿಸಿಯೇ ಅಸಂಖ್ಯ ಪ್ರಾಣಗಳನ್ನು ಉಳಿಸಿದರು.

ಅಂದಿನ ಉಪಾಯಗಳಿಗೆ ಅಸಾಧ್ಯವಾದುದನ್ನು ಅಸಾಧ್ಯವೆಂದು ಹೇಳಿದರೆ ತಪ್ಪೇನು ಎಂದು ಪೂರ್ವಪಕ್ಷವೇಳಬಹುದು. ಗ್ರಂಥಕಾರನಲ್ಲಿ ತಪ್ಪಿಲ್ಲ. ಆದರೆ ಕಂಠಪಾಠವು ಕಾಲವನ್ನು ಅರಿಯದು. ಅಂದಿನ ನಿರ್ಣಯವನ್ನೇ ಇಂದಿನ ವಿದ್ಯಾರ್ಥಿಯ ಬಾಯಲ್ಲಿ ನುಡಿಸುವುದು. ಕೈಚಾಚಬೇಕಾದ ಗಳಿಗೆಯಲ್ಲಿ ಕೈಬಿಡಲು ಕಲಿಸುವುದು. ಪಾರ್ಶ್ವವಾಯುವನ್ನು ಗುರುತಿಸಲು ಈಗ ಬಳಸುವ ‘ಫಾಸ್ಟ್’ ಎಂಬ ಇಂಗ್ಲಿಷ್ ಸಂಕೇತದಲ್ಲಿ ಮೊದಲ ಮೂರು ಅಕ್ಷರಗಳು ಮುಖ, ತೋಳು, ಮಾತುಗಳನ್ನು ಸೂಚಿಸಿದರೆ, ಕಡೆಯ ಅಕ್ಷರವು ಕಾಲವನ್ನು, ಎಂದರೆ ಕರ್ತವ್ಯವನ್ನು, ಸೂಚಿಸುತ್ತದೆ. ಕಾವ್ಯಗುಣದಲ್ಲಿ ಅದು ನಮ್ಮ ಶ್ಲೋಕಕ್ಕೆ ಸಮವಲ್ಲ; ಈ ಒಂದು ವಿಷಯದಲ್ಲಿ ಮೇಲು.

ಆದುದರಿಂದ ಶ್ಲೋಕವನ್ನು ತ್ಯಜಿಸುವುದೂ ಬೇಡ, ಇದ್ದಂತೆಯೇ ಒಪ್ಪಿಸುವುದೂ ಬೇಡ. ಮೂಲವು ಮೂಲವಾಗಿಯೇ ಇರಲಿ. ಪಾಠಶಾಲೆಯಲ್ಲಿ ಬಾಯಿಪಾಠಕ್ಕಾಗಿ ಮೂರು ಪಾದಗಳನ್ನು ಉಳಿಸಿಕೊಂಡು, ‘ತಡಮಾಡದೆ ನೀರನ್ನು ತುಂಬು’ ಎಂಬರ್ಥದ ನಾಲ್ಕನೆಯ ಪಾದವೊಂದನ್ನು ವಿದ್ವಾಂಸರು ರಚಿಸಿಕೊಡಲಿ. ಹನ್ನೊಂದು ಅಕ್ಷರಗಳ ಕೆಲಸ. ಅದರ ಫಲವು ಒಂದು ಪ್ರಾಣವಾದೀತು.