ಬಿರುದಾವಳಿಯಲ್ಲಿ ಇಲ್ಲದ ಸಾಲು

ವಾಯುಪಡೆಯ ಯಾವ ಸ್ಕ್ವಾಡ್ರನ್ನಿನ ಚರಿತ್ರೆಯನ್ನು ತೆರೆದರೂ ಮೊದಲ ಪುಟದ ಚಹರೆ ಹೆಚ್ಚುಕಡಿಮೆ ಒಂದೇ. ಮೇಲೆ ಲಾಂಛನ, ಅದರಡಿ ಧ್ಯೇಯವಾಕ್ಯ, ಆಮೇಲೆ ಸ್ಥಾಪನೆಯ ದಿನ, ಹಾರಿಸಿದ ವಿಮಾನಗಳ ಸಾಲು, ಕಮಾಂಡಿಂಗ್ ಆಫೀಸರ್‌ಗಳ ಪಟ್ಟಿ, ಗಳಿಸಿದ ಪದಕಗಳ ಲೆಕ್ಕ. ನಮ್ಮ ಶಾಸನಗಳನ್ನು ಓದಿದವರಿಗೆ ಈ ಬಗೆ ಹೊಸದೇನಲ್ಲ. ಅಲ್ಲೂ ದಾನದ ಮಾತಿಗೆ ಬರುವ ಮೊದಲು ಅರಸನ ವಂಶ, ಬಿರುದು, ಗೆದ್ದ ನಾಡುಗಳ ಪ್ರಶಸ್ತಿ ಹರಿಯುತ್ತದೆ. ‘ಟೈಗರ್ಸ್’, ‘ಫ್ಲೈಯಿಂಗ್ ಡ್ಯಾಗರ್ಸ್’, ‘ಬ್ಯಾಟಲ್ ಆಕ್ಸಸ್’ ಎಂಬ ಹೆಸರುಗಳೂ ಬಿರುದುಗಳೇ. ಪ್ರಶಸ್ತಿಯಲ್ಲಿ ಹೇಳಿದ್ದು ಸುಳ್ಳೆಂದಲ್ಲ. ಆದರೆ ಅದನ್ನೇ ಚರಿತ್ರೆಯೆಂದು ಓದಿಕೊಂಡರೆ ಏನು ಕೈತಪ್ಪುತ್ತದೆ ಎಂಬುದನ್ನು ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಚೆನ್ನಾಗಿ ತೋರಿಸಿಕೊಡುತ್ತದೆ.

1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಈ ಸ್ಕ್ವಾಡ್ರನ್ ಹುಟ್ಟಿತು. ನಾಲ್ಕು ವಾಪಿಟಿ ವಿಮಾನ, ಸುಬ್ರತೊ ಮುಖರ್ಜಿ ಸೇರಿ ಐವರು ಭಾರತೀಯ ಪೈಲಟ್‌ಗಳು, ತಲೆಯ ಮೇಲೆ ಬ್ರಿಟಿಷ್ ಅಧಿಕಾರಿ ಸೆಸಿಲ್ ಬೌಷರ್. ಮುಂದೆ ಮುಖರ್ಜಿ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕಾರಣ ಈ ಆರಂಭದ ಕಥೆಯನ್ನು ಎಲ್ಲರೂ ಅಕ್ಕರೆಯಿಂದ ಬರೆಯುತ್ತಾರೆ. ಅದೇ ದಿನ ಅವರ ಜೊತೆಗಿದ್ದ ಹತ್ತೊಂಬತ್ತು ಹವಾಯಿ ಸಿಪಾಯಿಗಳು ಮಾತ್ರ ಸಂಖ್ಯೆಯಾಗಿ ಬಂದು ಸಂಖ್ಯೆಯಾಗಿಯೇ ಹೋಗುತ್ತಾರೆ. ಇಂಜಿನ್ ಬಿಚ್ಚಿ ಕಟ್ಟಿದ ಕೈಗಳಿಗೆ ಬಿರುದಾವಳಿಯಲ್ಲಿ ಹೆಸರಿಲ್ಲ.

ಸ್ಕ್ವಾಡ್ರನ್ನಿನ ಮೊದಲ ಕಾರ್ಯಾಚರಣೆ ನಡೆದದ್ದು ಉತ್ತರ ವಜೀರಿಸ್ತಾನದಲ್ಲಿ, ಬ್ರಿಟಿಷರ ವಿರುದ್ಧ ಎದ್ದ ಬುಡಕಟ್ಟುಗಳ ಮೇಲೆ. ಮೊದಲು ಎಚ್ಚರಿಕೆಯ ಕರಪತ್ರ, ಆಮೇಲೆ ಹಳ್ಳಿಯ ಮೇಲೆ ಬಾಂಬು: ಗಡಿನಾಡಿನಲ್ಲಿ ಸಾಮ್ರಾಜ್ಯ ರೂಢಿಸಿಕೊಂಡಿದ್ದ ಪದ್ಧತಿ ಅದು. ಸ್ಕ್ವಾಡ್ರನ್ ಚರಿತ್ರೆ ಇದನ್ನು ‘ಯುದ್ಧಾನುಭವ’ ಎಂದು ಕರೆದು ಮುಂದೆ ನಡೆಯುತ್ತದೆ. ಅನುಭವ ಆಯಿತು, ನಿಜ. ಯಾರ ಖರ್ಚಿನಲ್ಲಿ ಎಂದು ಕೇಳುವ ಹೊಣೆ ಚರಿತ್ರೆಕಾರನದು. ಆ ಪೈಲಟ್‌ಗಳ ಧೈರ್ಯಕ್ಕೆ ಇದರಿಂದ ಕುಂದಿಲ್ಲ. ಪರರ ಪತಾಕೆಯಡಿ ಹಾರುತ್ತಲೇ ಸ್ವಂತ ವಾಯುಪಡೆಯೊಂದನ್ನು ಕಟ್ಟಿದವರ ಇಬ್ಬಂದಿತನ ಬರೆದಷ್ಟೂ ಅವರು ಇನ್ನಷ್ಟು ಮನುಷ್ಯರಾಗಿ ಕಾಣುತ್ತಾರೆ.

ಈ ಪ್ರಕಾರದ ಬರವಣಿಗೆ ಗೆಲ್ಲುವ ಜಾಗಗಳೂ ಇವೆ. 1942ರ ಬರ್ಮಾ ಅಂಥದ್ದು. ಲೈಸಾಂಡರ್ ಎಂಬುದು ನೆಲಸೇನೆಗೆ ಕಣ್ಣಾಗಿ ಹಾರಲೆಂದು ಮಾಡಿದ ನಿಧಾನಗತಿಯ ವಿಮಾನ. ‘ಜಂಬೊ’ ಮಜುಂದಾರ್ ನೇತೃತ್ವದಲ್ಲಿ ಒಂದನೇ ಸ್ಕ್ವಾಡ್ರನ್ ಅದಕ್ಕೇ ಬಾಂಬು ಕಟ್ಟಿ ಜಪಾನಿ ನೆಲೆಗಳ ಮೇಲೆ ಎರಗಿತು. ಯಂತ್ರದ ಮಿತಿ, ಮನುಷ್ಯನ ಹಟ, ಇದ್ದದ್ದರಲ್ಲೇ ಹೂಡಿದ ಉಪಾಯ ಮೂರನ್ನೂ ಹೀಗೆ ಒಂದೇ ಘಟನೆಯಲ್ಲಿ ಹಿಡಿಯಲು ಸ್ಕ್ವಾಡ್ರನ್ ಎಂಬ ಅಳತೆಯೇ ಸರಿ. ಇಡೀ ಯುದ್ಧದ ಚರಿತ್ರೆ ಬರೆಯುವವನಿಗೆ ಇದು ಕಾಣುವುದಿಲ್ಲ. ಒಬ್ಬನ ಆತ್ಮಕಥೆಗೆ ಇದು ದಕ್ಕುವುದಿಲ್ಲ.

‘ಏಕತಾ ಮೇಂ ಶಕ್ತಿ’ ಎಂಬುದು ಈ ಸ್ಕ್ವಾಡ್ರನ್ನಿನ ಧ್ಯೇಯವಾಕ್ಯ. 1947ರಲ್ಲಿ ದೇಶ ಹೋಳಾದಾಗ ಅದರ ಆಸ್ತಿ ಪಾಕಿಸ್ತಾನದ ಪಾಲಾಗಿ, ಭಾರತದ ಬಳಿ ಸಂಖ್ಯೆಯೊಂದೇ ಉಳಿಯಿತು. ಹೀಗೆ ಸಂಖ್ಯೆಯನ್ನು ಎತ್ತಿಟ್ಟುಕೊಳ್ಳುವುದಕ್ಕೆ ವಾಯುಪಡೆಯ ಮಾತಿನಲ್ಲಿ ‘ನಂಬರ್ ಪ್ಲೇಟ್ ಮಾಡುವುದು’ ಎನ್ನುತ್ತಾರೆ. ಕೆಲವು ವರ್ಷಗಳ ನಂತರ ಅದೇ ಸಂಖ್ಯೆಗೆ ಮತ್ತೆ ಜೀವ ಬಂತು. ಅದೇ ಹೆಸರಿನಲ್ಲಿ, 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ದಿನ ಮೀಸಲು ಪೈಲಟ್. ಮುಖ್ಯ ತಂಡದಲ್ಲಿ ಜಾಗ ತೆರವಾದಾಗ ಹೊರಟರು, ಮರಳಲಿಲ್ಲ. ಸ್ಕ್ವಾಡ್ರನ್ನಿನ ಪಾಲಿಗೆ ಅವರು ‘ಕಾಣೆಯಾದವರು’. ಹದಿನಾಲ್ಕು ವರ್ಷ ಇಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಬರೆದ ಯುದ್ಧದ ಕಥನ ಹೊರಬಂತು. ಅದರ ಪ್ರಕಾರ, ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ತನ್ನ ಮೇಲೆ ಎರಗಿದಾಗ, ಏಟು ತಿಂದ ಮಿಸ್ಟೇರ್ ಒಂದು ತಿರುಗಿ ಬಿದ್ದು ಅದನ್ನು ಕೆಡವಿತ್ತು. ಸ್ಟಾರ್‌ಫೈಟರ್ ಪೈಲಟ್ ಜಿಗಿದು ಬದುಕಿಕೊಂಡಿದ್ದ. ಆ ಮಿಸ್ಟೇರ್‌ನಲ್ಲಿದ್ದವರು ದೇವಯ್ಯ ಎಂದು ಭಾರತ ಲೆಕ್ಕ ಹಾಕಿ ತಿಳಿಯಬೇಕಾಯಿತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ.

ಇದನ್ನು ಯಾರದೋ ಉದಾಸೀನವೆಂದು ಮುಗಿಸಿಬಿಡುವುದು ಸುಲಭ. ತೊಡಕು ಇನ್ನೂ ಆಳದಲ್ಲಿದೆ. ಸ್ಕ್ವಾಡ್ರನ್ ದಾಖಲೆ ಹುಟ್ಟುವುದು ಇಳಿದು ಬಂದ ಪೈಲಟ್‌ಗಳು ಕೂತು ವರದಿ ಒಪ್ಪಿಸುವ ಕೋಣೆಯಲ್ಲಿ. ಯಾರು ಇಳಿಯಲಿಲ್ಲವೋ ಅವನ ಕೊನೆಯ ನಿಮಿಷಗಳು ಆ ಕೋಣೆಗೆ ಬರುವುದೇ ಇಲ್ಲ. ಅಂದರೆ ಸ್ಕ್ವಾಡ್ರನ್ನಿನ ಅತಿ ದೊಡ್ಡ ಸಾಹಸ ಅದರದೇ ಡೈರಿಯಲ್ಲಿ ಖಾಲಿ ಸಾಲಾಗಿರಬಹುದು; ಆ ಸಾಲನ್ನು ತುಂಬುವ ಸಾಕ್ಷಿ ಎದುರಾಳಿಯ ಬಳಿಯೇ ಇರಬಹುದು.

ಹಾಗಾಗಿ ಎರಡೂ ಕಡೆಯ ದಾಖಲೆಗಳನ್ನು ಎದುರುಬದುರು ಇಟ್ಟು ಬರೆದ ಚರಿತ್ರೆಗೇ ನನ್ನ ಮತ. ಪಿ.ವಿ.ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 1965ರ ವಾಯುಯುದ್ಧದ ಬಗ್ಗೆ 2005ರಲ್ಲಿ ಹೊರತಂದ ಪುಸ್ತಕ ಈ ದಾರಿ ಹಿಡಿಯಿತು. ಅದರಲ್ಲಿ ಸೋಲಿಗೂ ಗೆಲುವಿನಷ್ಟೇ ವಿವರ ಸಿಗುತ್ತದೆ. ಸೆಪ್ಟೆಂಬರ್ 1ರ ಸಂಜೆ ಛಂಬ್‌ನಲ್ಲಿ 45ನೇ ಸ್ಕ್ವಾಡ್ರನ್ನಿನ ವ್ಯಾಂಪೈರ್‌ಗಳು, 1940ರ ದಶಕದ ವಿನ್ಯಾಸದವು, ಪಾಕಿಸ್ತಾನದ ಸೇಬರ್‌ಗಳ ಎದುರು ನಿಂತವು; ನಾಲ್ಕು ಬಿದ್ದವು. ಆ ಸಂಜೆಯ ಗೊಂದಲದಲ್ಲಿ ನಮ್ಮ ವಿಮಾನಗಳ ಗುಂಡು ನಮ್ಮದೇ ಟ್ಯಾಂಕುಗಳಿಗೂ ತಗುಲಿತು. ಇದೇ 45 ಮುಂದೆ 1999ರ ಆಗಸ್ಟ್ 10ರಂದು ಮಿಗ್-21ರಿಂದ ಪಾಕಿಸ್ತಾನದ ಅಟ್ಲಾಂಟಿಕ್ ವಿಮಾನವನ್ನು ಉರುಳಿಸಿತು. 2016ರ ಜುಲೈ 1ರಂದು ಬೆಂಗಳೂರಿನಲ್ಲಿ ಮೊದಲ ತೇಜಸ್ ಸ್ಕ್ವಾಡ್ರನ್ ಆಗಿ ಮತ್ತೆ ಕಣ್ಣು ಬಿಟ್ಟಿತು. ಎಚ್‌ಎಎಲ್ ಕಟ್ಟಿದ ತೇಜಸ್‌ನ ಸಂಭ್ರಮದಲ್ಲಿ ಅಟ್ಲಾಂಟಿಕ್ ನೆನಪಾಗುವುದು ಸಹಜ. ಆದರೆ ಹಳತಾದ ವಿಮಾನವನ್ನು ಮುಂಚೂಣಿಗೆ ಕಳಿಸಿದರೆ ಏನಾಗುತ್ತದೆ ಎಂದು ಆ ಸ್ಕ್ವಾಡ್ರನ್ನಿಗೆ ಕಲಿಸಿದ್ದು ಛಂಬ್.

ಆ ಪಾಠದ ಗರಜು ಈಗ ಹೆಚ್ಚು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತವಾದಾಗ ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳು 29ಕ್ಕಿಳಿದವು, ಮಂಜೂರಾದದ್ದು 42. ಪತ್ರಿಕೆಗಳಿಗೆ ಸ್ಕ್ವಾಡ್ರನ್ ಎಂದರೆ ಈ ಎಣಿಕೆ. ಎತ್ತಿಟ್ಟ ಸಂಖ್ಯೆಗಳು ಹೊಸ ವಿಮಾನ, ಹೊಸ ಹುಡುಗರೊಂದಿಗೆ ಒಂದು ದಿನ ಮರಳುತ್ತವೆ. ಆಗ ಅವರ ಕೈಗೆ ಸಿಗುವ ಪಿತ್ರಾರ್ಜಿತ ಚರಿತ್ರೆಯೊಂದೇ. ಅದು ಬರೀ ಬಿರುದಾಗಿದ್ದರೆ ತೋಳಿನ ಬಿಲ್ಲೆಗಷ್ಟೇ ಸಾಕು.

ಒಂದು ಸಣ್ಣ ಬದಲಾವಣೆ ಸಾಧ್ಯ. ಪ್ರತಿ ಘಟನೆಯ ಮುಂದೆ ಎರಡು ಇಸವಿ ಬರೆಯಲಿ: ನಡೆದದ್ದು ಯಾವಾಗ, ನಮಗೆ ತಿಳಿದದ್ದು ಯಾವಾಗ. ಒಂದನೇ ಸ್ಕ್ವಾಡ್ರನ್ನಿನ ಪುಟದಲ್ಲಿ ದೇವಯ್ಯನವರ ಹೆಸರಿನೆದುರು 1965 ಎಂದೂ, ಅದರ ಪಕ್ಕದಲ್ಲಿ 1979 ಎಂದೂ ಇರಲಿ. ನಡುವಿನ ಹದಿನಾಲ್ಕು ವರ್ಷ ಆ ಸ್ಕ್ವಾಡ್ರನ್ನಿಗೆ ಏನು ಗೊತ್ತಿರಲಿಲ್ಲ ಎಂಬುದೂ ಅದರ ಚರಿತ್ರೆಯೇ.